ಆರಂಭಿಕ ಅಮೆರಿಕದ ಪೂರ್ವಿಕರನ್ನು ಹುಡುಕುವುದು ಹೇಗೆ: ಕೊಂಡಿ ಕೊಂಡಿಯಾಗಿ ಒಂದು ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈಗ ಎರಡು ದಿಕ್ಕಿನ ವಂಶವೃಕ್ಷ ಬೇಕಾದ ಮಕ್ಕಳು ಬೆಳೆಯುತ್ತಿದ್ದಾರೆ. ಅಪ್ಪನ ಕಡೆ ಹಾಸನವೋ ಹಾವೇರಿಯೋ ಆದರೆ ಅಮ್ಮನ ಕಡೆ ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ ಅಥವಾ ವರ್ಜೀನಿಯಾ. ನಮ್ಮ ಕಡೆಯ ನಾಲ್ಕೈದು ತಲೆಮಾರನ್ನು ಊರಿನ ಅಜ್ಜಿಗೆ ಫೋನು ಮಾಡಿ ಬರೆದುಕೊಳ್ಳಬಹುದು. ಬೀಗರ ಕಡೆಯದು ಮಾತ್ರ ‘ನಮ್ಮ ಹಿರಿಯರು ಮೇಫ್ಲವರ್ ಹಡಗಿನಲ್ಲಿ ಬಂದರಂತೆ’ ಎಂಬಲ್ಲಿಗೆ ನಿಂತುಬಿಡುತ್ತದೆ. 1620ರಲ್ಲಿ ಆ ಹಡಗಿನಲ್ಲಿ ಬಂದ ಪ್ರಯಾಣಿಕರು 102 ಮಂದಿ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಅವರಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಬೀಗರ ಮಾತು ನಿಜವೂ ಇರಬಹುದು. ಆದರೆ ಅದನ್ನು ಹೇಳಿಕೆಯ ಮಟ್ಟದಿಂದ ದಾಖಲೆಯ ಮಟ್ಟಕ್ಕೆ ತರುವ ಕೆಲಸಕ್ಕೆ ಒಂದು ಕ್ರಮವಿದೆ.

ಇಲ್ಲಿ ‘ಆರಂಭಿಕ ಅಮೆರಿಕ’ ಎಂದರೆ 1607ರಲ್ಲಿ ಜೇಮ್ಸ್‌ಟೌನ್ ವಸಾಹತು ನೆಲೆಗೊಂಡಾಗಿನಿಂದ ಸುಮಾರು 1850ರವರೆಗಿನ ಕಾಲ. ನಮ್ಮಲ್ಲಿ ಹೆಳವರು ಮನೆಮನೆಗೆ ಬಂದು ವಂಶಾವಳಿ ಹೇಳುವಂತೆ ಅಲ್ಲಿ ಹೇಳುವವರು ಯಾರೂ ಇರಲಿಲ್ಲ. ಊರಿನ ಟೌನ್ ಕ್ಲರ್ಕ್, ಚರ್ಚಿನ ಪಾದ್ರಿ, ಕೋರ್ಟಿನ ಗುಮಾಸ್ತ ಇವರು ತಂತಮ್ಮ ಕೆಲಸಕ್ಕೆಂದು ಬರೆದಿಟ್ಟ ಚೂರುಪಾರು ಕಾಗದಗಳನ್ನು ನಾವೇ ಜೋಡಿಸಿಕೊಳ್ಳಬೇಕು. ಮೊದಲೇ ಒಂದು ಮಾತು ಖಚಿತಪಡಿಸಿಕೊಳ್ಳಿ: ನಿಮಗೆ ಬೇಕಾಗಿರುವುದು ಹೆಸರುಗಳಲ್ಲ, ಕೊಂಡಿಗಳು. 1740ರಲ್ಲಿ ವರ್ಜೀನಿಯಾದಲ್ಲಿ ಜಾನ್ ಸ್ಮಿತ್ ಎಂಬವನು ಇದ್ದ ಎಂದು ತೋರಿಸುವುದರಲ್ಲಿ ಏನೂ ಹೆಚ್ಚುಗಾರಿಕೆಯಿಲ್ಲ. ಈ ಜಾನ್ ಆ ವಿಲಿಯಮ್ಮನ ಮಗ ಎಂದು ತೋರಿಸುವ ಕಾಗದ ಯಾವುದು ಎಂಬುದೇ ಪ್ರತಿ ತಲೆಮಾರಿನಲ್ಲೂ ಕೇಳಬೇಕಾದ ಪ್ರಶ್ನೆ.

ಮಾದರಿಗೆ ಎಲ್ಲರೂ ಬಲ್ಲ ಒಂದು ಮನೆತನವನ್ನು ಜೊತೆಗಿಟ್ಟುಕೊಳ್ಳೋಣ. ಬೆಂಜಮಿನ್ ಫ್ರಾಂಕ್ಲಿನ್ನನ ತಂದೆ ಜೊಸಾಯ ಫ್ರಾಂಕ್ಲಿನ್ ಇಂಗ್ಲೆಂಡಿನಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದವನು. ಬಾಸ್ಟನ್ನಿಗೆ ಬಂದು ಮೇಣದಬತ್ತಿ, ಸಾಬೂನು ಮಾಡಿ ಮಾರಿದ. ಎರಡು ಮದುವೆ, ಹದಿನೇಳು ಮಕ್ಕಳು. ಮಗ ಬೆಂಜಮಿನ್ ಖ್ಯಾತನಾದದ್ದರಿಂದ ಇವರ ಕಾಗದಪತ್ರಗಳೆಲ್ಲ ಶೋಧನೆಗೆ ಒಳಗಾಗಿವೆ. ಅಷ್ಟಾದರೂ ಅವುಗಳೊಳಗೆ ಎಷ್ಟು ಗೊಂದಲ ಉಳಿದಿದೆ ಎಂಬುದನ್ನು ನೋಡಿದರೆ, ಹೆಸರಿಲ್ಲದ ರೈತನೊಬ್ಬನನ್ನು ಹುಡುಕುವಾಗ ಎಷ್ಟು ಎಚ್ಚರ ಬೇಕೆಂಬುದು ತಿಳಿಯುತ್ತದೆ.

ಹೆಜ್ಜೆ 1: ಇಂದಿನಿಂದ ಹಿಂದಕ್ಕೆ ನಡೆಯಿರಿ

ಹಡಗಿನಿಂದ ಇಳಿದವನನ್ನು ಹಿಡಿದು ಕೆಳಕ್ಕೆ ಬರಬೇಡಿ. ಒಬ್ಬನಿಗೆ ಏಳು ಮಕ್ಕಳು, ಅವರಿಗೆ ತಲಾ ಏಳು. ನಾಲ್ಕನೆಯ ತಲೆಮಾರಿಗೆ ಸಾವಿರಾರು ದಾರಿಗಳು ಒಡೆಯುತ್ತವೆ. ಬದುಕಿರುವವರಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಸರಿಯಿರಿ.

ಮೊದಲು ಮನೆಯೊಳಗಿನ ಹುಡುಕಾಟ. ಹಳೆಯ ಪತ್ರ, ಫೋಟೋಗಳ ಬೆನ್ನು, ಸೈನ್ಯದ ಕಾಗದ, ಎಲ್ಲಕ್ಕಿಂತ ಮುಖ್ಯವಾಗಿ ಕುಟುಂಬದ ಬೈಬಲ್. ಹಳೆಯ ಬೈಬಲ್‌ಗಳ ನಡುವಿನ ಖಾಲಿ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ರೂಢಿಯಿತ್ತು. ಅದು ಕೈಗೆ ಸಿಕ್ಕಾಗ ಬರಹಕ್ಕಿಂತ ಮೊದಲು ಮುಖಪುಟವನ್ನು ತೆರೆದು ಅಚ್ಚಾದ ವರ್ಷ ನೋಡಿ. ಅಚ್ಚಾದದ್ದು 1830ರಲ್ಲಿ, ಒಳಗಿನ ಮೊದಲ ಜನನ 1771ರದ್ದು, ಐವತ್ತು ವರ್ಷಗಳ ನಮೂದುಗಳೆಲ್ಲ ಒಂದೇ ಶಾಯಿ, ಒಂದೇ ಕೈಬರಹ ಎಂದಾದರೆ ಅದು ಆಯಾ ದಿನ ಬರೆದದ್ದಲ್ಲ. ಯಾರೋ ನೆನಪಿನಿಂದಲೋ ಹಳೆಯ ಚೀಟಿಯಿಂದಲೋ ಒಮ್ಮೆಲೇ ಎತ್ತಿ ಬರೆದದ್ದು. ಶಾಯಿ, ಬರಹ ಎರಡೂ ಬದಲಾಗುತ್ತ ಹೋಗಿದ್ದರೆ ಅದರ ತೂಕ ಹೆಚ್ಚು. ಬೆಂಜಮಿನ್ನನ ತಂಗಿ ಜೇನ್ ಮೀಕಮ್ ತಾನೇ ಹೊಲಿದುಕೊಂಡ ಪುಟ್ಟ ಪುಸ್ತಕದಲ್ಲಿ ತನ್ನ ಹನ್ನೆರಡು ಮಕ್ಕಳ ಹುಟ್ಟು ಸಾವುಗಳನ್ನು ಬರೆದಿಟ್ಟಳು. ಅಂಥದೊಂದು ಪುಸ್ತಕ ಎಲ್ಲ ಮನೆಗಳಲ್ಲೂ ಇರುವುದಿಲ್ಲ, ಆದರೆ ದೂರದ ದಾಯಾದಿಯ ಅಟ್ಟದ ಮೇಲೆ ಇರುವ ಸಾಧ್ಯತೆ ಇದ್ದೇ ಇದೆ. ಕೇಳಿ ನೋಡಿ.

ಆಮೇಲೆ ಜನಗಣತಿ. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ. 72 ವರ್ಷ ತುಂಬಿದ ಮೇಲೆ ಹೆಸರುಗಳ ಸಮೇತ ಬಹಿರಂಗವಾಗುತ್ತದೆ. 1950ರದ್ದು 2022ರಲ್ಲಿ ತೆರೆಯಿತು. ಅಲ್ಲಿಂದ ಹತ್ತತ್ತು ವರ್ಷ ಹಿಂದಕ್ಕೆ ಇಳಿಯಿರಿ. 1880ರ ಗಣತಿಯಲ್ಲಿ ಮನೆಯ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕು, ತಂದೆತಾಯಿ ಹುಟ್ಟಿದ್ದು ಎಲ್ಲಿ ಎಂಬ ವಿವರಗಳಿವೆ. 1890ರದ್ದು ಬಹುತೇಕ ಇಲ್ಲ. 1921ರಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ ಬೆಂಕಿ ಬಿದ್ದು, ಸುಟ್ಟದ್ದು ಸುಟ್ಟಿತು, ನೀರಿನಲ್ಲಿ ನೆನೆದದ್ದನ್ನು ಮುಂದೆ ನಾಶಮಾಡಿದರು. ಈ ಕಾಗದಗಳನ್ನು ನೋಡಲು ಫ್ಯಾಮಿಲಿಸರ್ಚ್ ಜಾಲತಾಣ ಉಚಿತ. ಆನ್ಸೆಸ್ಟ್ರಿಗೆ ಹಣ ಕಟ್ಟಬೇಕು, ಆದರೆ ಅಮೆರಿಕದ ಅನೇಕ ಸಾರ್ವಜನಿಕ ಗ್ರಂಥಾಲಯಗಳೊಳಗೆ ಕುಳಿತು ಪುಕ್ಕಟೆಯಾಗಿ ಬಳಸಬಹುದು.

ಹೆಜ್ಜೆ 2: 1850ರ ಗೋಡೆ

ಮನೆಯಲ್ಲಿದ್ದ ಸ್ವತಂತ್ರ ವ್ಯಕ್ತಿಗಳೆಲ್ಲರ ಹೆಸರನ್ನೂ ಬರೆದ ಮೊದಲ ಗಣತಿ 1850ರದ್ದು. ಅದಕ್ಕಿಂತ ಹಿಂದಿನವುಗಳಲ್ಲಿ ಯಜಮಾನನ ಹೆಸರು ಮಾತ್ರ. ಉಳಿದವರು ವಯಸ್ಸಿನ ಕಲಮುಗಳಲ್ಲಿ ಒಂದೊಂದು ಅಂಕಿ. 1790ರ ಗಣತಿಯಂತೂ ಹದಿನಾರು ದಾಟಿದ ಬಿಳಿಯ ಗಂಡಸರೆಷ್ಟು, ದಾಟದವರೆಷ್ಟು, ಬಿಳಿಯ ಹೆಂಗಸರೆಷ್ಟು, ಇತರ ಸ್ವತಂತ್ರರೆಷ್ಟು, ಗುಲಾಮರೆಷ್ಟು ಎಂದಷ್ಟೇ ಎಣಿಸಿತು. ವರ್ಜೀನಿಯಾ, ನ್ಯೂಜೆರ್ಸಿ, ಡೆಲವೇರ್, ಜಾರ್ಜಿಯಾಗಳ ಆ ವರ್ಷದ ಮೂಲ ಹಾಳೆಗಳೂ ಉಳಿದಿಲ್ಲ. ವರ್ಜೀನಿಯಾದ ಪಟ್ಟಿಯೆಂದು ಅಚ್ಚಾಗಿರುವುದು 1780ರ ದಶಕದ ತೆರಿಗೆ ಪಟ್ಟಿಗಳಿಂದ ಜೋಡಿಸಿದ್ದು.

ಈ ಅಂಕಿಗಳಿಂದಲೂ ಕೆಲಸ ತೆಗೆಯಬಹುದು. 1800ರಿಂದ 1840ರವರೆಗಿನ ಐದೂ ಗಣತಿಗಳಲ್ಲಿ ಅದೇ ಯಜಮಾನನ ಸಾಲನ್ನು ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ. ಒಂದರಲ್ಲಿ ಹತ್ತರೊಳಗಿನ ಹುಡುಗರಿಬ್ಬರು, ಮುಂದಿನದರಲ್ಲಿ ಹತ್ತರಿಂದ ಹದಿನೈದರವರು ಇಬ್ಬರು, ಅದರ ಮುಂದಿನದರಲ್ಲಿ ಒಬ್ಬನೇ. ಆ ಇನ್ನೊಬ್ಬ ಸತ್ತಿರಬೇಕು, ಇಲ್ಲವೇ ಬೇರೆ ಮನೆ ಹೂಡಿರಬೇಕು. ಅದೇ ಪುಟದಲ್ಲಿ, ಆಚೀಚಿನ ಪುಟಗಳಲ್ಲಿ ಅದೇ ಮನೆತನದ ಹೆಸರಿನ ಯುವಕ ಯಜಮಾನನೊಬ್ಬ ಹೊಸದಾಗಿ ಕಾಣಿಸಿಕೊಂಡಿದ್ದಾನೆಯೇ ನೋಡಿ. ಇದು ಸುಳಿವು ಮಾತ್ರ, ಕೊಂಡಿಯಲ್ಲ. ಕೊಂಡಿ ಸಿಗುವುದು ಕೋರ್ಟಿನಲ್ಲಿ.

ಹೆಜ್ಜೆ 3: ಹೆಸರಿಗಿಂತ ಮೊದಲು ಊರು

ವಸಾಹತು ಕಾಲದಲ್ಲಿ ಯಾವ ಕಾಗದ ಎಲ್ಲಿ ಹುಟ್ಟಿತು ಎಂಬುದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ನ್ಯೂ ಇಂಗ್ಲೆಂಡಿನಲ್ಲಿ (ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಮೊದಲಾದ ಈಶಾನ್ಯ ಪ್ರಾಂತ್ಯಗಳಲ್ಲಿ) ಊರೇ ಘಟಕ: ಹದಿನೇಳನೆಯ ಶತಮಾನದಿಂದಲೇ ಟೌನ್ ಕ್ಲರ್ಕ್ ಜನನ, ಮದುವೆ, ಮರಣಗಳನ್ನು ದಾಖಲಿಸುತ್ತಿದ್ದ. ಮ್ಯಾಸಚೂಸೆಟ್ಸಿನ ಬಹುಪಾಲು ಊರುಗಳ 1850ರವರೆಗಿನ ದಾಖಲೆಗಳು ಪುಸ್ತಕಗಳಾಗಿ ಅಚ್ಚಾಗಿವೆ. ಕನೆಕ್ಟಿಕಟ್ಟಿನವು ಬಾರ್ಬರ್ ಸಂಗ್ರಹ ಎಂಬ ಹೆಸರಿನಲ್ಲಿವೆ. ದಕ್ಷಿಣಕ್ಕೆ ಇಳಿದರೆ ಈ ಸುಖವಿಲ್ಲ. ಅಲ್ಲಿ ಕೌಂಟಿಯೇ, ಎಂದರೆ ನಮ್ಮ ಜಿಲ್ಲೆಯಂಥದೇ, ಘಟಕ. ವರ್ಜೀನಿಯಾ ಜನನ ಮರಣ ನೋಂದಣಿ ಆರಂಭಿಸಿದ್ದೇ 1853ರಲ್ಲಿ. ಪೆನ್ಸಿಲ್ವೇನಿಯಾದಲ್ಲಿ ರಾಜ್ಯಮಟ್ಟದ ನೋಂದಣಿ ನೆಲೆನಿಂತದ್ದು 1906ರಲ್ಲಿ. ಅಲ್ಲೆಲ್ಲ ಜನನ ಪ್ರಮಾಣಪತ್ರ ಹುಡುಕಿ ಕಾಲ ಕಳೆಯದೆ ಉಯಿಲು, ಜಮೀನು, ತೆರಿಗೆ, ಚರ್ಚುಗಳ ಕಡೆ ತಿರುಗಬೇಕು.

ಗಡಿಗಳ ಗೋಜಲು ಬೇರೆ. ಮನೆ ಅಲುಗದಿದ್ದರೂ ಕೌಂಟಿ ಬದಲಾಗುತ್ತಿತ್ತು. ಕೆಂಟಕಿ 1792ರವರೆಗೆ ವರ್ಜೀನಿಯಾದ ಭಾಗ. ಮೇನ್ 1820ರವರೆಗೆ ಮ್ಯಾಸಚೂಸೆಟ್ಸಿನದು. ಪಶ್ಚಿಮ ವರ್ಜೀನಿಯಾ ಪ್ರತ್ಯೇಕ ರಾಜ್ಯವಾದದ್ದು 1863ರಲ್ಲಿ. ಹಳೆಯ ಕಡತಗಳು ತಾಯಿ ಕೌಂಟಿಯಲ್ಲೇ ಉಳಿಯುತ್ತವೆ, ಹೊಸ ಕೌಂಟಿಗೆ ಬರುವುದಿಲ್ಲ. ಷಿಕಾಗೊದ ನ್ಯೂಬರಿ ಗ್ರಂಥಾಲಯದವರು ಸಿದ್ಧಪಡಿಸಿದ ಕೌಂಟಿ ಗಡಿಗಳ ಐತಿಹಾಸಿಕ ನಕ್ಷೆ ಉಚಿತವಾಗಿದೆ. ನಿಮ್ಮ ಪೂರ್ವಿಕನ ಊರು ಯಾವ ವರ್ಷ ಯಾವ ಕೌಂಟಿಯಲ್ಲಿತ್ತು ಎಂದು ಅದರಲ್ಲಿ ನೋಡಿ ಬರೆದುಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಕೋರ್ಟು ಸುಟ್ಟುಹೋಗಿದ್ದರೆ? ವರ್ಜೀನಿಯಾದಲ್ಲಿ ಇದು ಸಾಮಾನ್ಯ. ಅಂತರ್ಯುದ್ಧದ ಹೊತ್ತಿನಲ್ಲಿ ಕೆಲವು ಕೌಂಟಿಗಳು ತಮ್ಮ ಕಡತಗಳು ಜೋಪಾನವಾಗಿರಲಿ ಎಂದು ರಿಚ್ಮಂಡಿಗೆ ಕಳುಹಿಸಿದವು. 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ಹೊತ್ತಿ ಉರಿದಾಗ ಅವೂ ಉರಿದವು. ಆದರೆ 1782ರಿಂದ ಆರಂಭವಾಗುವ ಭೂತೆರಿಗೆ, ಚರಾಸ್ತಿ ತೆರಿಗೆ ಪಟ್ಟಿಗಳ ಪ್ರತಿ ರಾಜ್ಯದ ಲೆಕ್ಕಪತ್ರದಲ್ಲಿ ಉಳಿದಿದೆ. ಸುಟ್ಟ ಕೌಂಟಿಯೆಂದು ಕೈಚೆಲ್ಲಬೇಡಿ.

ಹೆಜ್ಜೆ 4: ಉಯಿಲು, ಆಸ್ತಿಪಟ್ಟಿ, ಜಮೀನಿನ ಪತ್ರ

ನನ್ನನ್ನು ಕೇಳಿದರೆ ಈ ಹುಡುಕಾಟದ ಜೀವವೇ ಇಲ್ಲಿದೆ. ಹುಟ್ಟನ್ನು ಬರೆಸದವರೂ ಹೊಲವನ್ನು ಬರೆಸಿಕೊಳ್ಳದೆ ಬಿಡುತ್ತಿರಲಿಲ್ಲ. ಅನೇಕರು ಈ ಪುಸ್ತಕಗಳನ್ನು ತೆರೆಯದೆ ಬರೀ ಹೆಸರು ಟೈಪಿಸಿ ಹುಡುಕುತ್ತ ಕೂರುತ್ತಾರೆ. ಜನಗಣತಿಯಷ್ಟು ಸಲೀಸಾಗಿ ಇವುಗಳಿಗೆ ಸೂಚಿ ಇರಲಿಲ್ಲ ಎಂಬುದು ಅದಕ್ಕೊಂದು ಕಾರಣ. ಈಗ ಫ್ಯಾಮಿಲಿಸರ್ಚ್‌ನಲ್ಲಿ ಯಂತ್ರವೇ ಕೈಬರಹ ಓದಿ ಪೂರ್ಣಪಠ್ಯದಲ್ಲಿ ಹುಡುಕಿಕೊಡುವ ಸೌಲಭ್ಯ ಬಂದಿದೆ. ಯಾರದೋ ಉಯಿಲಿನ ಮೂರನೆಯ ಪುಟದಲ್ಲಿ ಸಾಕ್ಷಿಯಾಗಿ ಹೆಬ್ಬೆಟ್ಟಿನ ಬದಲು ಒಂದು ಗುರುತು ಹಾಕಿದವನ ಹೆಸರೂ ಅದರಲ್ಲಿ ಸಿಗುತ್ತದೆ. ಯಂತ್ರ ತಪ್ಪು ಓದುವುದೂ ಉಂಟು. ಹಾಗಾಗಿ ಸಿಕ್ಕ ಚಿತ್ರವನ್ನು ನಿಮ್ಮ ಕಣ್ಣಿನಿಂದಲೇ ಓದಿ.

ಉಯಿಲು ಸಿಕ್ಕರೆ ಇಡೀ ಕಡತವನ್ನು ತರಿಸಿಕೊಳ್ಳಿ, ಪುಸ್ತಕದಲ್ಲಿ ನಕಲಾದ ಒಂದು ಪುಟಕ್ಕೆ ತೃಪ್ತರಾಗಬೇಡಿ. ಕಡತದಲ್ಲಿ ಆಸ್ತಿಪಟ್ಟಿ, ಸಾಲಗಾರರ ಲೆಕ್ಕ, ಮಕ್ಕಳು ಪಾಲು ಪಡೆದ ರಸೀದಿ ಎಲ್ಲವೂ ಇರುತ್ತವೆ. ಉಯಿಲಿನಲ್ಲಿ ‘ನನ್ನ ಮಗಳು ಮೇರಿ’ ಎಂದಷ್ಟೇ ಇದ್ದರೂ ಎಂಟು ವರ್ಷದ ನಂತರದ ರಸೀದಿಯಲ್ಲಿ ಮೇರಿಯ ಗಂಡನ ರುಜು ಇರುತ್ತದೆ. ಉಯಿಲು ಬರೆಯದೆ ಸತ್ತಿದ್ದರೆ ಇನ್ನೂ ಒಳ್ಳೆಯದು! ಆಗ ವಾರಸುದಾರರೆಲ್ಲರ ಹೆಸರನ್ನೂ ಕೋರ್ಟು ಕೇಳುತ್ತದೆ. ಉಯಿಲು ಬರೆದ ಅಪ್ಪ ಮೊದಲೇ ಪಾಲು ಕೊಟ್ಟು ಕಳುಹಿಸಿದ ಮಗನ ಹೆಸರನ್ನು ಬಿಟ್ಟಿರಬಹುದು. ಉಯಿಲಿನಲ್ಲಿ ಇಲ್ಲವೆಂದ ಮಾತ್ರಕ್ಕೆ ಮಗನಲ್ಲ ಎನ್ನಲಾಗದು.

ಆಸ್ತಿಪಟ್ಟಿಯನ್ನು ಓದುವುದೇ ಒಂದು ರುಚಿ. ನೆರೆಯ ಮೂವರು ಮನೆಯೊಳಗೆ ನಡೆದು ಕೋಣೆ ಕೋಣೆಯಾಗಿ ಬೆಲೆ ಕಟ್ಟುತ್ತಾರೆ: ಗರಿ ತುಂಬಿದ ಹಾಸಿಗೆ, ಹಿತ್ತಾಳೆಯ ಹಂಡೆ, ತವರದ ತಟ್ಟೆಗಳು, ನೂಲುವ ರಾಟೆ, ಒಂದು ಹಳೆಯ ಬೈಬಲ್, ಕೆಂಪು ಹಸು ಹಾಗೂ ಕರು. ಬೆಲೆ ಪೌಂಡು, ಷಿಲಿಂಗ್, ಪೆನ್ನಿಗಳಲ್ಲಿ. ಹನ್ನೆರಡು ಪೆನ್ನಿಗೆ ಒಂದು ಷಿಲಿಂಗ್, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡು. ಅನೇಕ ಪಟ್ಟಿಗಳಲ್ಲಿ ಹಾಸಿಗೆಯ ಬೆಲೆ ಹಸುವಿಗಿಂತ ಹೆಚ್ಚಿರುವುದನ್ನು ನೋಡಿ ಬೆರಗಾಗಬೇಡಿ. ಕಸುಬಿನ ಸಲಕರಣೆಗಳಿದ್ದರೆ ಅವನು ಕಮ್ಮಾರನೋ ಚಮ್ಮಾರನೋ ಎಂಬುದು ಗೊತ್ತಾಗುತ್ತದೆ. ಅದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಆಧಾರ ಅಪರೂಪ.

ಇನ್ನು ಜಮೀನು. ನಿಮ್ಮವನು ಮಾರಿದ ಪ್ರತಿಯೊಂದು ತುಂಡು ನೆಲವನ್ನೂ ಅವನು ಕೊಂಡದ್ದರ ಪತ್ರದೊಂದಿಗೆ ಜೋಡಿಸಿ. ಮಾರಿದ ಪತ್ರವಿದ್ದು ಕೊಂಡ ಪತ್ರವಿಲ್ಲದಿದ್ದರೆ ಕಿವಿ ನಿಮಿರಬೇಕು: ಸರ್ಕಾರದ ಮಂಜೂರಾತಿಯೂ ಇಲ್ಲವಾದರೆ ಆ ನೆಲ ತಂದೆಯಿಂದಲೋ ಮಾವನಿಂದಲೋ ಬಂದಿರಬೇಕು. ಮಾರುವಾಗ ಹೆಂಡತಿಯನ್ನು ಪ್ರತ್ಯೇಕವಾಗಿ ಕರೆದು ಅವಳ ಒಪ್ಪಿಗೆ ಕೇಳುತ್ತಿದ್ದರು, ಏಕೆಂದರೆ ವಿಧವೆಗೆ ಗಂಡನ ಜಮೀನಿನ ಮೂರನೆಯ ಒಂದು ಪಾಲಿನ ಮೇಲೆ ಜೀವನಪೂರ್ತಿ ಹಕ್ಕಿತ್ತು. ಎಷ್ಟೋ ಹೆಂಗಸರ ಹೆಸರು ಇಡೀ ಬದುಕಿನಲ್ಲಿ ದಾಖಲಾಗಿರುವುದು ಆ ಒಂದು ಸಾಲಿನಲ್ಲಿ. ‘ಸಹಜ ಪ್ರೀತಿ ವಾತ್ಸಲ್ಯಕ್ಕಾಗಿ ಹಾಗೂ ಐದು ಷಿಲಿಂಗಿಗೆ’ ನೂರು ಎಕರೆ ಬರೆದುಕೊಟ್ಟ ಪತ್ರ ಸಿಕ್ಕರೆ ಅದನ್ನು ಮೂರು ಸಲ ಓದಿ. ಕೊಟ್ಟವನು ಹತ್ತಿರದ ಸಂಬಂಧಿ, ಹೆಚ್ಚಾಗಿ ತಂದೆಯೇ.

ವಯಸ್ಸನ್ನೂ ಈ ಕಾಗದಗಳು ಹೇಳುತ್ತವೆ. ಜಮೀನು ಮಾರಬೇಕಾದರೆ ಇಪ್ಪತ್ತೊಂದು ತುಂಬಿರಬೇಕು. ತಂದೆಯಿಲ್ಲದ ಹುಡುಗ ತನ್ನ ಪೋಷಕನನ್ನು ತಾನೇ ಆರಿಸಿಕೊಂಡಿದ್ದರೆ ಅವನಿಗೆ ಹದಿನಾಲ್ಕು ದಾಟಿದೆ. ವರ್ಜೀನಿಯಾದ ತೆರಿಗೆ ಪಟ್ಟಿಯಲ್ಲಿ ಹುಡುಗ ಮೊದಲ ಬಾರಿ ಲೆಕ್ಕಕ್ಕೆ ಬಂದರೆ ಹದಿನಾರು.

ಹೆಜ್ಜೆ 5: ಸಿಪಾಯಿಯ ಪಿಂಚಣಿ ಕಡತ

ಪೂರ್ವಿಕ 1740ರಿಂದ 1765ರ ನಡುವೆ ಹುಟ್ಟಿದವನಾದರೆ ಕ್ರಾಂತಿಯುದ್ಧದ, ಎಂದರೆ ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಸಮರದ, ಪಿಂಚಣಿ ಕಡತ ನೋಡಲೇಬೇಕು. 1818ರ ಕಾನೂನು ಬಡತನದಲ್ಲಿದ್ದ ಸೈನಿಕರಿಗೆ, 1832ರದ್ದು ಕನಿಷ್ಠ ಆರು ತಿಂಗಳು ದುಡಿದ ಎಲ್ಲರಿಗೂ, 1836ರದ್ದು ವಿಧವೆಯರಿಗೆ ಪಿಂಚಣಿ ಕೊಟ್ಟಿತು. 1832ರ ಅರ್ಜಿದಾರರು ಕೋರ್ಟಿನ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು: ಎಲ್ಲಿ, ಯಾವ ವರ್ಷ ಹುಟ್ಟಿದೆ? ವಯಸ್ಸಿಗೆ ದಾಖಲೆ ಇದೆಯೇ? ಸೈನ್ಯಕ್ಕೆ ಸೇರುವಾಗ ಎಲ್ಲಿದ್ದೆ, ಆಮೇಲೆ ಎಲ್ಲೆಲ್ಲಿ ಬಾಳಿದೆ? ಎಪ್ಪತ್ತು ಎಂಬತ್ತು ವರ್ಷದ ಮುದುಕರ ಬಾಯಿಂದ ಬಂದ ಆ ಉತ್ತರಗಳು ಹಾಗೆಯೇ ಉಳಿದಿವೆ. ವಿಧವೆಯರು ಮದುವೆಯ ಪುರಾವೆಗೆಂದು ಮನೆಯ ಬೈಬಲ್ಲಿನ ಹಾಳೆಯನ್ನೇ ಹರಿದು ಕಳುಹಿಸಿದ್ದುಂಟು. ಆ ಹಾಳೆಗಳು ಇಂದಿಗೂ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿವೆ. 1840ರ ಗಣತಿಯೂ ಪಿಂಚಣಿದಾರರ ಹೆಸರು, ವಯಸ್ಸುಗಳನ್ನು ಪ್ರತ್ಯೇಕವಾಗಿ ಬರೆದುಕೊಂಡಿದೆ. 1800ರಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಅದಕ್ಕಿಂತ ಹಿಂದಿನ ಅರ್ಜಿಗಳು ನಾಶವಾದವು.

ಹೆಜ್ಜೆ 6: ದಿನಾಂಕಗಳ ಮಾಯೆ

ಜೊಸಾಯ ಹಾಗೂ ಎರಡನೆಯ ಹೆಂಡತಿ ಅಬಾಯ ಫೋಲ್ಜರ್ ಅವರ ಸಮಾಧಿ ಬಾಸ್ಟನ್ನಿನ ಗ್ರಾನರಿ ಶ್ಮಶಾನದಲ್ಲಿದೆ. ಬೆಂಜಮಿನ್ ನಿಲ್ಲಿಸಿದ ಕಲ್ಲು ಸವೆದ ಮೇಲೆ 1827ರಲ್ಲಿ ಊರಿನವರು ಸ್ತಂಭ ನಿಲ್ಲಿಸಿ ಅದೇ ಬರಹವನ್ನು ಕೆತ್ತಿಸಿದರು. ಐವತ್ತೈದು ವರ್ಷ ಅನ್ಯೋನ್ಯವಾಗಿ ಬಾಳಿದರು ಎಂದು ಹೇಳಿ, ಜೊಸಾಯ ಹುಟ್ಟಿದ್ದು 1655, ಸತ್ತದ್ದು 1744, ವಯಸ್ಸು 89 ಎಂದು ಅದು ಲೆಕ್ಕ ಕೊಡುತ್ತದೆ. ಚರಿತ್ರೆಯ ಪುಸ್ತಕಗಳಲ್ಲಿ ಅವನು ಸತ್ತದ್ದು 1745ರ ಜನವರಿ 16. ಕಲ್ಲು ತಪ್ಪೇ?

ಸಾವಿನ ವರ್ಷದ ಮಟ್ಟಿಗೆ ಅಲ್ಲ. ಇಂಗ್ಲೆಂಡ್ ಹಾಗೂ ಅದರ ವಸಾಹತುಗಳಲ್ಲಿ 1752ಕ್ಕಿಂತ ಮೊದಲು ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಅಂದಿನವರಿಗೆ ಆ ಜನವರಿ ಇನ್ನೂ 1744. ಗುಮಾಸ್ತರು ಗೊಂದಲ ಬೇಡವೆಂದು 1744/45 ಎಂದು ಓರೆಗೆರೆ ಹಾಕಿ ಬರೆಯುತ್ತಿದ್ದದ್ದೂ ಉಂಟು. ಇದರ ಮೇಲೆ ಹಳೆಯ ಜೂಲಿಯನ್ ಪಂಚಾಂಗ ಹನ್ನೊಂದು ದಿನ ಹಿಂದಿತ್ತು. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿ ಸರಿಪಡಿಸಿದರು. ಬೆಂಜಮಿನ್ನನ ಹುಟ್ಟು ಹಳೆಯ ಲೆಕ್ಕದಲ್ಲಿ 1705ರ ಜನವರಿ 6, ಹೊಸದರಲ್ಲಿ 1706ರ ಜನವರಿ 17. ಎರಡೂ ಸರಿ.

ಹುಟ್ಟಿನ ವರ್ಷದ ಕಥೆ ಬೇರೆ. ಜೊಸಾಯ ಹುಟ್ಟಿದ್ದು 1657ರ ಡಿಸೆಂಬರಿನಲ್ಲಿ ಎಂದು ಇತಿಹಾಸಕಾರರು ಒಪ್ಪುತ್ತಾರೆ; ಕಲ್ಲಿನ 1655ಕ್ಕೆ ಪಂಚಾಂಗದ ನೆಪ ಹೇಳಲಾಗದು. ಆ ಲೆಕ್ಕದಲ್ಲಿ ವಯಸ್ಸು 89 ಅಲ್ಲ, 87. ಮುದುಕರ ವಯಸ್ಸು ಎರಡು ವರ್ಷ ಮೇಲೇರುವುದು ಎಲ್ಲ ಕಾಲದಲ್ಲೂ ಇದ್ದದ್ದೇ. ಒಂದೇ ಕಲ್ಲಿನ ಒಂದೇ ಸಾಲಿನಲ್ಲಿ ಒಂದು ವರ್ಷ ನಂಬಬಹುದಾದದ್ದು, ಇನ್ನೊಂದು ಅಲ್ಲ.

ನಿಮ್ಮ ಟಿಪ್ಪಣಿಯಲ್ಲಿ ಮೂಲದಲ್ಲಿ ಇರುವಂತೆಯೇ ದಿನಾಂಕ ಬರೆಯಿರಿ, ಪರಿವರ್ತಿಸಿದ್ದನ್ನು ಪಕ್ಕದಲ್ಲಿ ಬೇರೆಯಾಗಿ ಹಾಕಿ. ಕ್ವೇಕರ್ ಪಂಥದವರು ತಿಂಗಳ ಹೆಸರನ್ನೇ ಬಳಸದೆ ಒಂದನೆಯ ತಿಂಗಳು, ಎರಡನೆಯ ತಿಂಗಳು ಎನ್ನುತ್ತಿದ್ದರು. 1752ಕ್ಕಿಂತ ಮೊದಲು ಅವರ ಒಂದನೆಯ ತಿಂಗಳು ಮಾರ್ಚ್. ಮದುವೆಯಾದ ಏಳನೆಯ ತಿಂಗಳಿಗೇ ಮಗು ಹುಟ್ಟಿತು ಎಂದು ಯಾರದೋ ಚಾರಿತ್ರ್ಯದ ಬಗ್ಗೆ ಮಾತಾಡುವ ಮುನ್ನ ಇದನ್ನೊಮ್ಮೆ ಪರೀಕ್ಷಿಸಿ.

ಹೆಜ್ಜೆ 7: ಅಕ್ಷರ, ನಂಟು, ಹೆಸರು

ಆ ಕಾಲದ ಕೈಬರಹದಲ್ಲಿ ಒಂದು ಬಗೆಯ ಎಸ್ ಅಕ್ಷರ ನೀಳವಾಗಿ ಎಫ್‌ನಂತೆ ಕಾಣುತ್ತದೆ. ಓದಲಾಗದಿದ್ದರೆ ಅದೇ ಗುಮಾಸ್ತ ಅದೇ ಪುಟದಲ್ಲಿ ಬರೆದ, ನಿಮಗೆ ಗೊತ್ತಿರುವ ಪದಗಳಿಂದ ಅವನ ಅಕ್ಷರಮಾಲೆಯನ್ನು ಕಟ್ಟಿಕೊಳ್ಳಿ.

ನಂಟಿನ ಪದಗಳು ಇನ್ನೂ ಮೋಸದವು. ಸೀನಿಯರ್, ಜೂನಿಯರ್ ಎಂದರೆ ಅಪ್ಪ ಮಗ ಎಂದೇ ಅಲ್ಲ. ಒಂದೇ ಊರಿನ ಹಿರಿಯ ಜಾನ್, ಕಿರಿಯ ಜಾನ್ ಅಷ್ಟೇ, ಚಿಕ್ಕಪ್ಪನ ಮಗನೂ ಆಗಬಹುದು, ಸಂಬಂಧವೇ ಇಲ್ಲದಿರಬಹುದು. ಹಿರಿಯ ಸತ್ತ ಮರುವರ್ಷ ಕಿರಿಯನೇ ಸೀನಿಯರ್ ಆಗುತ್ತಾನೆ. ಕಸಿನ್ ಎಂದರೆ ಅಣ್ಣನ ಮಗನೂ ಹೌದು. ಸನ್-ಇನ್-ಲಾ ಎಂದರೆ ಅಳಿಯ ಮಾತ್ರವಲ್ಲ, ಹೆಂಡತಿಯ ಮೊದಲ ಮದುವೆಯ ಮಗನನ್ನೂ ಹಾಗೆಯೇ ಕರೆಯುತ್ತಿದ್ದರು. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಸಾಮಾನ್ಯ. ಜೊಸಾಯನಿಗೂ ಒಬ್ಬರ ಹಿಂದೊಬ್ಬರಂತೆ ಇಬ್ಬರು ಜೋಸೆಫರು ಹುಟ್ಟಿ ಇಬ್ಬರೂ ಹಸುಗೂಸುಗಳಾಗಿಯೇ ಹೋದರು.

ಹೆಸರಿನ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಪೆನ್ಸಿಲ್ವೇನಿಯಾಕ್ಕೆ ಬಂದ ಜರ್ಮನ್ ತ್ಸಿಮ್ಮರ್‌ಮಾನ್ ಒಂದು ತಲೆಮಾರಿನಲ್ಲಿ ಕಾರ್ಪೆಂಟರ್ ಆಗಿರಬಹುದು. ನ್ಯೂಯಾರ್ಕಿನ ಡಚ್ಚರಲ್ಲಿ ಪೀಟರನ ಮಗ ಯಾನ್ ಎಂಬಂತೆ ತಂದೆಯ ಹೆಸರೇ ಮುಂದಿನವನಿಗೆ ಕೊನೆಯ ಹೆಸರು. 1664ರಲ್ಲಿ ಊರು ಇಂಗ್ಲಿಷರ ಕೈಗೆ ಬಂದ ಮೇಲೆ ನಿಧಾನವಾಗಿ ಸ್ಥಿರ ಮನೆತನದ ಹೆಸರುಗಳು ನೆಲೆನಿಂತವು. ನ್ಯೂಯಾರ್ಕಿನ ವಲಸೆ ಠಾಣೆಯಾಗಿದ್ದ ಎಲ್ಲಿಸ್ ದ್ವೀಪದ ಅಧಿಕಾರಿ ಹೆಸರು ಬದಲಿಸಿದ ಎಂಬ ಕಥೆ ಇಲ್ಲಿ ಹೊಂದುವುದೇ ಇಲ್ಲ; ಆ ಠಾಣೆ ತೆರೆದದ್ದೇ 1892ರಲ್ಲಿ.

ಹೆಜ್ಜೆ 8: ಕಾಗದದಲ್ಲಿ ಕಾಣದವರು

ಹೆಂಗಸಿನ ತವರನ್ನು ಹುಡುಕಲು ಅವಳ ಗಂಡನ ಸುತ್ತಲಿನವರನ್ನು ಹುಡುಕಿ: ಪತ್ರಗಳಿಗೆ ಸಾಕ್ಷಿ ಹಾಕಿದವರು, ಜಾಮೀನು ನಿಂತವರು, ಮಕ್ಕಳ ದೀಕ್ಷಾಸ್ನಾನಕ್ಕೆ ಬಂದವರು, ಹೊಲದ ಎಲ್ಲೆಗೆ ಹೊಂದಿಕೊಂಡವರು. ಆಗಿನ ಜನ ಒಂಟಿಯಾಗಿ ವಲಸೆ ಹೋಗುತ್ತಿದ್ದದ್ದು ಕಡಿಮೆ. ನೆಂಟರು, ನೆರೆಯವರು, ಒಂದೇ ಚರ್ಚಿನವರು ಗುಂಪಾಗಿ ಊರು ಬಿಡುತ್ತಿದ್ದರು. ನಿಮ್ಮವನ ಜಾಡು ತಪ್ಪಿದಾಗ ಅವನ ನೆರೆಯವನ ಜಾಡು ಹಿಡಿಯಿರಿ.

ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಮೂಲದವರ ಸಂತತಿಗೆ ಗೋಡೆ 1850 ಅಲ್ಲ, 1870. ಎಲ್ಲ ಕಪ್ಪು ಜನರ ಹೆಸರನ್ನೂ ಬರೆದ ಮೊದಲ ಗಣತಿ ಅದು. 1850, 1860ರ ಗುಲಾಮರ ಪಟ್ಟಿಗಳಲ್ಲಿ ಇರುವುದು ಒಡೆಯನ ಹೆಸರು. ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ. ಮನುಷ್ಯರು ಹೆಸರಿನೊಂದಿಗೆ ಸಿಗುವುದು ಒಡೆಯನ ಆಸ್ತಿಪಟ್ಟಿಯಲ್ಲಿ, ಹಸು ಹಂಡೆಗಳ ನಡುವೆ, ಎದುರಿಗೆ ಬೆಲೆಯೊಂದಿಗೆ. ಓದಲು ಗಟ್ಟಿ ಮನಸ್ಸು ಬೇಕು. ಬಿಡುಗಡೆಯಾದ ಗುಲಾಮರಿಗಾಗಿ 1865ರಿಂದ 1872ರವರೆಗೆ ನಡೆದ ಫ್ರೀಡ್‌ಮನ್ಸ್ ಬ್ಯೂರೊ ಹಾಗೂ 1874ರಲ್ಲಿ ಮುಚ್ಚಿದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳಿಂದ ಒಡೆಯ ಯಾರೆಂದು ತಿಳಿದು, ಅಲ್ಲಿಂದ ಅವನ ಕುಟುಂಬದ ಉಯಿಲುಗಳಿಗೆ ಹೋಗಬೇಕು. ತಾಯಿಯ ಸ್ಥಿತಿಯೇ ಮಗುವಿನ ಸ್ಥಿತಿ ಎಂದು ವರ್ಜೀನಿಯಾ 1662ರಲ್ಲಿ ಕಾನೂನು ಮಾಡಿದ್ದರಿಂದ, ಇಲ್ಲಿ ತಾಯಿಯ ಕೊಂಡಿಯನ್ನೇ ಮೊದಲು ಹಿಡಿಯಬೇಕು.

ಭಾರತದ ನಂಟು ಇಷ್ಟು ಹಿಂದೆ ಇದೆಯೇ ಎಂದು ಕೇಳುವವರಿಗೆ: ಇದೆ. ವರ್ಜೀನಿಯಾದಲ್ಲಿ ಒಬ್ಬನನ್ನು ಕರೆತಂದರೆ ಐವತ್ತು ಎಕರೆ ಕೊಡುವ ಪದ್ಧತಿ ಇತ್ತು. ಜಾರ್ಜ್ ಮೆನೆಫಿ ಎಂಬ ವ್ಯಾಪಾರಿ 1635ರಲ್ಲಿ ಹೀಗೆ ಜಮೀನು ಪಡೆಯಲು ಕೊಟ್ಟ ಪಟ್ಟಿಯಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಎಂಬ ಹೆಸರಿದೆ. ಮ್ಯಾಸಚೂಸೆಟ್ಸಿನ ಸೇಲಂ ಬಂದರಿನ ಪಾದ್ರಿ ವಿಲಿಯಂ ಬೆಂಟ್ಲಿ ಮದ್ರಾಸಿನಿಂದ ಬಂದವನೊಬ್ಬನನ್ನು ಕಂಡದ್ದನ್ನು 1790ರ ದಿನಚರಿಯಲ್ಲಿ ಬರೆದಿದ್ದಾನೆ. ಆದರೆ ವಸಾಹತು ಕಾಲದ ಕಡತದಲ್ಲಿ ಬರೀ ‘ಇಂಡಿಯನ್’ ಎಂದಿದ್ದರೆ ಅವನು ಬಹುಮಟ್ಟಿಗೆ ಅಲ್ಲಿನ ಮೂಲನಿವಾಸಿ. ಉತ್ಸಾಹದಲ್ಲಿ ಅವನನ್ನು ನಮ್ಮವನನ್ನಾಗಿ ಮಾಡಿಕೊಳ್ಳಬೇಡಿ.

ಹೆಜ್ಜೆ 9: ಹಡಗು ಕೊನೆಗೆ

ಪ್ರಯಾಣಿಕರ ಪಟ್ಟಿಯನ್ನು ಎಲ್ಲರೂ ಮೊದಲು ಕೇಳುತ್ತಾರೆ. ಅಮೆರಿಕ ಸರ್ಕಾರ ಅವುಗಳನ್ನು ಪಡೆಯತೊಡಗಿದ್ದು 1820ರಿಂದ. ಅದಕ್ಕಿಂತ ಹಿಂದಿನವು ಬಿಡಿಬಿಡಿಯಾಗಿ ಮಾತ್ರ ಉಳಿದಿವೆ. 1727ರಿಂದ ಫಿಲಡೆಲ್ಫಿಯಾದಲ್ಲಿ ಇಳಿದ ಜರ್ಮನ್ ಗಂಡಸರು ರಾಜನಿಷ್ಠೆಯ ಪ್ರಮಾಣಕ್ಕೆ ಹಾಕಿದ ಸಹಿಗಳಿವೆ. ಬ್ರಿಸ್ಟಲ್ ಬಂದರಿನಿಂದ 1654ರಿಂದ 1686ರವರೆಗೆ ಕರಾರಿನ ಆಳುಗಳಾಗಿ ಹೊರಟ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ನೋಂದಣಿ ಪುಸ್ತಕವಿದೆ. 1640ಕ್ಕಿಂತ ಮೊದಲು ನ್ಯೂ ಇಂಗ್ಲೆಂಡಿಗೆ ಬಂದವರಾದರೆ, ‘ಗ್ರೇಟ್ ಮೈಗ್ರೇಷನ್’ ಅಧ್ಯಯನ ಯೋಜನೆಯ ಸಂಪುಟಗಳು ಅತ್ಯಂತ ನಂಬಲರ್ಹ. ಅವು ಸಿಗುವುದು 1845ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿಯಲ್ಲಿ.

ಬೆಳೆದ ಮರಗಳ ನೆರಳಿನಲ್ಲಿ ಮೋಸ

ಜಾಲತಾಣಗಳಲ್ಲಿ ಬೇರೆಯವರು ಹಾಕಿದ ವಂಶವೃಕ್ಷಗಳನ್ನು ಸುಳಿವಿಗಾಗಿ ನೋಡಿ, ಪುರಾವೆ ಎಂದು ಅಲ್ಲ. ನೂರು ವೃಕ್ಷಗಳು ಒಂದೇ ತಂದೆಯ ಹೆಸರು ಹೇಳುತ್ತಿದ್ದರೆ ಅದು ನೂರು ಸಾಕ್ಷಿಯಲ್ಲ, ಒಬ್ಬನನ್ನು ನೋಡಿ ತೊಂಬತ್ತೊಂಬತ್ತು ಮಂದಿ ನಕಲು ಮಾಡಿದ್ದು. ತಾಯಿ ಹುಟ್ಟುವ ಮೊದಲೇ ಮಗ ಹುಟ್ಟಿದ ವೃಕ್ಷಗಳೂ ಧಾರಾಳವಾಗಿವೆ. ಅಚ್ಚಾದ ಹಳೆಯ ಪುಸ್ತಕಗಳೂ ಪವಿತ್ರವಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗುಸ್ತಾವ್ ಆಂಜು ಎಂಬವನು ಶ್ರೀಮಂತರಿಂದ ಹಣ ಪಡೆದು ಇಲ್ಲದ ಉಯಿಲುಗಳನ್ನು ಉಲ್ಲೇಖಿಸಿ ವಂಶಾವಳಿಗಳನ್ನು ಹೊಸೆದುಕೊಟ್ಟ; ಅವು ಇಂದಿಗೂ ಗ್ರಂಥಾಲಯಗಳಲ್ಲಿವೆ, ಅಲ್ಲಿಂದ ಗಣಕಕ್ಕೂ ಹತ್ತಿವೆ. ‘ಮೂವರು ಸಹೋದರರು ಹಡಗಿನಿಂದ ಇಳಿದರು, ಒಬ್ಬ ಉತ್ತರಕ್ಕೆ, ಒಬ್ಬ ದಕ್ಷಿಣಕ್ಕೆ, ಒಬ್ಬ ಪಶ್ಚಿಮಕ್ಕೆ ಹೋದ’ ಎಂಬ ಕಥೆ, ‘ನಮ್ಮ ಅಜ್ಜಿ ಮೂಲನಿವಾಸಿ ಚೆರೊಕೀ ಬುಡಕಟ್ಟಿನ ರಾಜಕುಮಾರಿ’ ಎಂಬ ಕಥೆ ಎಷ್ಟೋ ಮನೆಗಳಲ್ಲಿವೆ. ಕೇಳಿ, ಬರೆದುಕೊಳ್ಳಿ, ಪಕ್ಕಕ್ಕಿಡಿ.

ಡಿಎನ್‌ಎ ಪರೀಕ್ಷೆ ಐದಾರು ತಲೆಮಾರಿನೊಳಗೆ ಒಳ್ಳೆಯ ಸಹಾಯಕ. ಹತ್ತು ತಲೆಮಾರು ಹಿಂದೆ ಒಬ್ಬರಿಗೆ 1,024 ಪೂರ್ವಿಕರ ಜಾಗಗಳಿವೆ; ಅಷ್ಟು ದೂರದ ಒಬ್ಬನ ಅಂಶ ನಿಮ್ಮಲ್ಲಿ ಉಳಿಯದೆಯೂ ಹೋಗಿರಬಹುದು. ಅಪ್ಪನಿಂದ ಮಗನಿಗೆ ಮಾತ್ರ ಹರಿಯುವ ವೈ ಕ್ರೋಮೊಸೋಮ್ ಪರೀಕ್ಷೆ ಒಂದೇ ಹೆಸರಿನ ಎರಡು ಮನೆತನಗಳನ್ನು ಬೇರ್ಪಡಿಸಲು ಬರುತ್ತದೆ.

ಹೆಜ್ಜೆ 10: ಸಾಕ್ಷ್ಯಗಳನ್ನು ತೂಗುವುದು

ಪ್ರತಿ ಸಂಗತಿಯ ಮುಂದೆ ಮೂಲ, ಪುಸ್ತಕದ ಸಂಖ್ಯೆ, ಪುಟ, ನೋಡಿದ ದಿನ ಬರೆಯಿರಿ. ಹುಡುಕಿ ಸಿಗದಿದ್ದದ್ದನ್ನೂ ಬರೆಯಿರಿ. ಇಲ್ಲವಾದರೆ ಅದೇ ಸೂಚಿಯನ್ನು ಮುಂದಿನ ವರ್ಷ ಮತ್ತೆ ತಿರುವುತ್ತೀರಿ. ಮೂಲಗಳು ಒಂದಕ್ಕೊಂದು ಹೊಂದದಿದ್ದಾಗ ಹೇಗೆ ತೀರ್ಮಾನಿಸುವುದು ಎಂಬುದಕ್ಕೆ ಜೊಸಾಯ ಯಾವಾಗ ಬಾಸ್ಟನ್ನಿಗೆ ಬಂದ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ.

1771ರಲ್ಲಿ ಆತ್ಮಕಥೆ ಬರೆಯಲು ಕುಳಿತ ಬೆಂಜಮಿನ್, ತಂದೆ ಹೆಂಡತಿ ಹಾಗೂ ಮೂರು ಮಕ್ಕಳೊಂದಿಗೆ ಸುಮಾರು 1682ರಲ್ಲಿ ನ್ಯೂ ಇಂಗ್ಲೆಂಡಿಗೆ ಬಂದ ಎನ್ನುತ್ತಾನೆ. ಅವನೇ 1758ರಲ್ಲಿ ಇಂಗ್ಲೆಂಡಿನಿಂದ ಹೆಂಡತಿಗೆ ಬರೆದ ಪತ್ರದಲ್ಲಿ ಬೇರೆ ವರ್ಷವಿದೆ. ಆ ಬೇಸಿಗೆಯಲ್ಲಿ ಅವನು ಮಗನೊಂದಿಗೆ ನಾರ್ಥಾಂಪ್ಟನ್‌ಷೈರಿಗೆ ಹೋಗಿ ವೆಲಿಂಗ್‌ಬರೊದಲ್ಲಿ ದೊಡ್ಡಪ್ಪನ ಮಗಳು ಮೇರಿ ಫಿಷರ್ ಎಂಬ ವೃದ್ಧೆಯನ್ನು ಕಂಡಿದ್ದ. ಜೊಸಾಯ ಆಗಿನ ಹೆಂಡತಿ, ಮಕ್ಕಳೊಂದಿಗೆ ಹೊರಟದ್ದು ಅವಳಿಗೆ ನೆನಪಿತ್ತು. ಪತ್ರದಲ್ಲಿರುವ ಪ್ರಕಾರ ಅದು ಸುಮಾರು 1685. ಒಬ್ಬ ಹುಟ್ಟುವ ಮೊದಲಿನ ಸಂಗತಿಯನ್ನು ಕೇಳಿ ಬರೆದವನು, ಇನ್ನೊಬ್ಬಳು ಎಳವೆಯಲ್ಲಿ ಕಣ್ಣಾರೆ ಕಂಡವಳು, ಆದರೆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಹೇಳುತ್ತಿರುವವಳು.

ಈಗ ಇಬ್ಬರನ್ನೂ ಬಿಟ್ಟು ಮಕ್ಕಳ ಜನನ ನೋಡಿ. ಮೂರನೆಯ ಮಗು ಹನ್ನಾ ಇಂಗ್ಲೆಂಡಿನ ಬ್ಯಾನ್‌ಬರಿಯಲ್ಲಿ ಹುಟ್ಟಿದ್ದು 1683ರ ಮೇ ತಿಂಗಳಲ್ಲಿ. ನಾಲ್ಕನೆಯವನು ಜೊಸಾಯ ಬಾಸ್ಟನ್ನಿನಲ್ಲಿ ಹುಟ್ಟಿದ್ದು 1685ರ ಆಗಸ್ಟ್‌ನಲ್ಲಿ. 1682 ಅಲ್ಲಿಗೆ ಬಿದ್ದುಹೋಯಿತು. ವಲಸೆ ಈ ಎರಡು ತಿಂಗಳುಗಳ ನಡುವೆ ಎಲ್ಲೋ ನಡೆದಿರಬೇಕು. ಇತಿಹಾಸಕಾರರು ಒಪ್ಪಿರುವುದು 1683. ಮೂರು ಮಕ್ಕಳು ಎಂಬ ವಿವರ ಮಾತ್ರ ಎರಡೂ ನೆನಪುಗಳಲ್ಲಿ ಸರಿಯಾಗಿಯೇ ಇದೆ. ಮನೆಯವರ ನೆನಪು ವರ್ಷವನ್ನು ತಪ್ಪಿದರೂ ಜನರ ಎಣಿಕೆಯನ್ನು ಬೇಗ ತಪ್ಪುವುದಿಲ್ಲ.

ಆ ಪ್ರಯಾಣದಲ್ಲೇ ಬೆಂಜಮಿನ್ ಪೂರ್ವಿಕರ ಊರಾದ ಎಕ್ಟನ್ನಿಗೆ ಹೋಗಿ ಚರ್ಚಿನ ನೋಂದಣಿ ಪುಸ್ತಕ ತೆರೆಸಿದ. ಇಂಗ್ಲೆಂಡಿನ ಪ್ಯಾರಿಷ್‌ಗಳು ಹುಟ್ಟು ಸಾವು ಬರೆಯಬೇಕೆಂಬ ಆಜ್ಞೆ ಹೊರಟದ್ದು 1538ರಲ್ಲಿ. ಎಕ್ಟನ್ನಿನಲ್ಲಿ ಅವನಿಗೆ ಸಿಕ್ಕಿದ್ದು 1555ರಿಂದ ಈಚಿನದು. ಅದನ್ನು ಓದಿ, ತಾನು ಐದು ತಲೆಮಾರುಗಳಿಂದ ಕಿರಿಯ ಮಗನ ಕಿರಿಯ ಮಗ ಎಂದು ಕಂಡುಕೊಂಡ. ಅವನು ನೇರವಾಗಿ ಆ ಪುಟಕ್ಕೆ ಹೋಗಲು ಸಾಧ್ಯವಾದದ್ದು ಊರಿನ ಹೆಸರು ಮೊದಲೇ ಕೈಯಲ್ಲಿದ್ದುದರಿಂದ. ಚಿಕ್ಕವನಿದ್ದಾಗ ಮನೆಯಲ್ಲೇ ಇದ್ದ ಇನ್ನೊಬ್ಬ ದೊಡ್ಡಪ್ಪ 1717ರಲ್ಲಿ ಕುಟುಂಬದ ಟಿಪ್ಪಣಿ ಬರೆದಿಟ್ಟಿದ್ದ. ಇಂಗ್ಲೆಂಡಿನ ಪ್ಯಾರಿಷ್ ಪುಸ್ತಕಗಳನ್ನು ನೀವು ತೆರೆಯುವುದೂ ಊರಿನ ಹೆಸರು ಅಮೆರಿಕದ ಕಾಗದವೊಂದರಲ್ಲಿ ಸಿಕ್ಕ ಮೇಲೆಯೇ ಆಗಲಿ. ಬರೀ ಹೆಸರು ಹೊಂದಿತೆಂದು ಯಾವುದೋ ಜಿಲ್ಲೆಯ ಜಾನ್ ಸ್ಮಿತ್‌ನನ್ನು ತಂದು ಅಂಟಿಸಿದರೆ, ಅವನು ಅದೇ ಪುಸ್ತಕದ ಮುಂದಿನ ಪುಟದಲ್ಲಿ ಶ್ಮಶಾನ ಸೇರಿರುವುದು ಎಷ್ಟೋ ಬಾರಿ ಕಾಣಿಸುತ್ತದೆ. ಆ ಪುಟವನ್ನೂ ಮಗುಚಿ ನೋಡಿ.